ತಾಳು ಎನ್ನುವ ಅಂಕಿ

ಕಯಾನಿಯಲ್ಲಿ ಫೆಬ್ರವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಒಳಗೆ ನನ್ನ ಗಂಡ ಔಲಿಸ್
ಬಾಲ್ಕನಿಯ ಬಾಗಿಲನ್ನು ಒಂದು ಗೇಣು ತೆರೆದು,
ಮೇಜನ್ನು ಅದರ ಬಾಯಿಗೇ ಎಳೆದುಕೊಂಡು,
ಉಣ್ಣೆ ಟೋಪಿ ಹಾಕಿ ಕೂತಿದ್ದಾನೆ.
ಮುಂದೆ ಮುಚ್ಚಳ ಬಿಚ್ಚಿದ ಕಂಪ್ಯೂಟರು.
ಅದರ ಹೊಟ್ಟೆಯಲ್ಲಿ ಎರಡು ಮೆಮೊರಿ ಪಟ್ಟಿ,
ರೊವಾನಿಯೆಮಿಯ ಯಾರೋ ಬಳಸಿ ಮಾರಿದ್ದು.

ಹಿಮ ಗೋರುವ ಲಾರಿ ಓಡಿಸುವುದು ಅವನ ಕೆಲಸ.
ಗಂಟೆಗೆ ಇಪ್ಪತ್ತೈದು ದಾಟುವ ಹಾಗಿಲ್ಲ.
ಇಪ್ಪತ್ತೊಂದು ಚಳಿಗಾಲ ಅದೇ ವೇಗ.
ಅದಕ್ಕೋ ಏನೋ, ಮನೆಗೆ ಬಂದರೆ
ನ್ಯಾನೊಸೆಕೆಂಡುಗಳ ಮೇಲೆ ಹಠ.

ಗಡಿಯಾರ ತಾಳ ಹಾಕುತ್ತದಂತೆ,
ಅಂಕಿಗಳು ತಾಳು ಅನ್ನುತ್ತವಂತೆ.
ಸಾಲು ತೆರೆದ ಮೇಲೆ ಹತ್ತೊಂಬತ್ತು ತಾಳ ತಾಳು.
ಕೇಳಿದ ಮೇಲೆ ಉತ್ತರಕ್ಕೆ ಹದಿನಾರು.
ಮುಚ್ಚಿ ಇನ್ನೊಂದು ಸಾಲು ತೆರೆಯುವ ಮುನ್ನ
ಮತ್ತೆ ಹತ್ತೊಂಬತ್ತು.
ಇವನು ಹತ್ತೊಂಬತ್ತನ್ನು ಹದಿನೇಳಕ್ಕೆ ಕೇಳುತ್ತಾನೆ,
ಹದಿನಾರನ್ನು ಹದಿನಾಲ್ಕಕ್ಕೆ.
ನಮ್ಮೂರಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ.
ಇವನೊಬ್ಬನೇ,
ಅದೂ ಮರಳಿನಿಂದ ಮಾಡಿದ ಚಿಪ್ಪಿನ ಜತೆ.

ಇನ್ನೊಂದು ಅಂಕಿ ಇತ್ತು, ದೊಡ್ಡದು.
ಒಂದೊಂದು ಬಿಟ್ಟೂ ಸೋರುವ ಚೊಂಬು ಎಂದ.
ಖಾಲಿಯಾಗುವ ಮೊದಲೇ ಮತ್ತೆ ತುಂಬಬೇಕು,
ಸೆಕೆಂಡಿಗೆ ಎಷ್ಟೋ ಸಲ,
ತುಂಬುವ ಹೊತ್ತಿನಲ್ಲಿ ಬೇರೆ ಕೆಲಸ ನಿಲ್ಲಬೇಕು.
ಆದ್ದರಿಂದ ಆದಷ್ಟು ತಡವಾಗಿ ತುಂಬು:
ಅರವತ್ತೈದು ಸಾವಿರದ ಐನೂರ ಮೂವತ್ತೈದು ತಾಳಕ್ಕೊಮ್ಮೆ.
ಅದರಾಚೆ ಬರೆಯಲು ಜಾಗವೇ ಇಲ್ಲ.
"ಸೋರಿ ಹೋದರೆ?" ಅಂದೆ.
"ಹೋಗಲ್ಲ. ನಿನ್ನೆ ಆರು ಗಂಟೆ ಪರೀಕ್ಷೆ ಓಡಿಸಿದೆ. ಸೊನ್ನೆ ತಪ್ಪು."

ರಾತ್ರಿ ಎರಡಕ್ಕೆ ಹಿಮ ಶುರುವಾಯಿತು, ಅವನು ಹೋದ.
ಪರೀಕ್ಷೆ ತನ್ನ ಪಾಡಿಗೆ ಓಡುತ್ತಿತ್ತು,
ಬರೆದು, ಓದಿ, ತಾಳೆ ನೋಡಿ, ಮತ್ತೆ ಬರೆದು.
ಮೂರೂ ನಲವತ್ತಕ್ಕೆ ಎಚ್ಚರವಾಯಿತು ನನಗೆ.
ಪಾದ ಕಲ್ಲು. ಕಿಟಕಿಕಟ್ಟೆಯ ಜೆರೇನಿಯಂ ಎಲೆ
ಮುಟ್ಟಿದರೆ ಗಾಜು.
ಸಾಕು ಅನ್ನಿಸಿತು. ಬಾಗಿಲು ಹಾಕಿದೆ.
ಹೀಟರಿನ ಗುಂಡಿ ಮೂರಕ್ಕೆ ತಿರುಗಿಸಿ
ಹೋಗಿ ಮಲಗಿದೆ.

ಐದಕ್ಕೆ ನೀರು ಕುಡಿಯಲು ಎದ್ದರೆ ಪರದೆಯ ಮೇಲೆ
ಕೆಂಪು ಸಾಲು. ಒಂದು.
ನಿಂತು ನೋಡುತ್ತಿದ್ದಂತೆ ಎರಡು.
ಲೋಟ ತುಂಬುವಷ್ಟರಲ್ಲಿ ಒಂಬತ್ತು.
ಬಾಗಿಲು ಮತ್ತೆ ತೆರೆದುಬಿಡಲೇ ಅಂದುಕೊಂಡೆ,
ಕದ್ದವಳ ಹಾಗೆ.
ತೆರೆಯಲಿಲ್ಲ.

ಆರೂವರೆಗೆ ಬಂದ, ಮೀಸೆಯ ಮೇಲೆ ಹಿಮ.
ನಾನೇ ಹೇಳಿದೆ.
ಬೂಟು ಬಿಚ್ಚದೆ ಪರದೆ ನೋಡಿದ,
ನೆಲದ ಮೇಲೆ ಅವನ ಸುತ್ತ ನೀರಾಯಿತು.
"ಬಿಸಿಯಾದರೆ ಬೇಗ ಸೋರುತ್ತೆ," ಎಂದ ಕೊನೆಗೆ.
"ಇಷ್ಟು ದಿನ ಗಟ್ಟಿಯಾಗಿದ್ದದ್ದು ನನ್ನ ಅಂಕಿ ಅಲ್ಲ ರೈಲಿ,
ಹೊರಗಿನ ಗಾಳಿ.
ಜುಲೈಯಲ್ಲಿ ತಿಳೀತಿತ್ತು,
ಫೋಟೋ ಎಲ್ಲ ಹಾಳಾದ ಮೇಲೆ."

ಶನಿವಾರ ಆ ಯಂತ್ರವನ್ನು ಎತ್ತಿಕೊಂಡು ಬಂದು
ಸೌನಾದ ಹೊರಕೋಣೆಯಲ್ಲಿ, ಆವಿ ತಾಗದ ಮೂಲೆಗೆ,
ಸ್ಟೂಲಿನ ಮೇಲೆ ಇಟ್ಟ.
ನಾವು ಒಳಗೆ ಬೆವರುವಾಗ ಅದು ಹೊರಗೆ.
ದೊಡ್ಡ ಅಂಕಿ ಅರ್ಧವಾಗಿತ್ತು,
ಹದಿನೇಳು ಹದಿನೆಂಟಾಗಿತ್ತು.
ಬಿಸಿಕಲ್ಲಿಗೆ ಒಂದು ಸೌಟು ನೀರು ಹಾಕಿ
ಟವೆಲು ಸುತ್ತಿಕೊಂಡು ಹೋಗಿ ನೋಡಿ ಬರುವನು,
ಮತ್ತೊಂದು ಸೌಟು, ಮತ್ತೆ ಹೋಗುವನು.
"ಕೂತುಕೋ," ಅಂದೆ, "ನೀನು ನೋಡಿದರೆ ಅದಕ್ಕೇನು?"
ಕೂತ. ತಾಳಿದ. ಪಾಪ,
ನಾಲ್ಕು ನಿಮಿಷ.

"ಎಷ್ಟು ವೇಗ ಹೋಯಿತು?"
"ನೂರಕ್ಕೆ ಒಂದೂವರೆ."
"ಗೊತ್ತಾಗುತ್ತಾ?"
"ಇಲ್ಲ."
ಅಷ್ಟು ಹೇಳಿ ಬಹಳ ಹೊತ್ತು ಸುಮ್ಮನಿದ್ದ.

ಅಂಕಿ ಬರೆದಿಡುವ ನೋಟುಬುಕ್ಕು ಇದೆ ಅವನದು,
ಡೀಸೆಲು ಲೆಕ್ಕದ ಹಳೆಯದು. ಭಾನುವಾರ ತಿರುವಿ ನೋಡಿದೆ.
ಹನ್ನೊಂದು ದಿನದ ಸಾಲುಗಳ ಕೆಳಗೆ:
ಕೋಣೆ ಮೂವತ್ತೊಂದು ಡಿಗ್ರಿ. ಎಂಟು ಗಂಟೆ. ತಪ್ಪು ಸೊನ್ನೆ.
ಅದರ ಮೇಲಿನ ಸಾಲಿನಲ್ಲಿ,
ಮೊದಲು ಏನೋ ಬರೆದು ಹೊಡೆದುಹಾಕಿ:
ರೈಲಿ ಬಾಗಿಲು ಹಾಕಿದಳು.