ಹನ್ನೆರಡನೇ ನಿಮಿಷ

ಫ್ಯಾನು ನಿಲ್ಲಿಸಿದೆ. ಗಾಜಿನ ಮೇಲೆ
ಒಡೊಯೊನ ಬೆರಳಿನ ಒಂದು ಹನಿ.
ಜ್ವರವಿಲ್ಲ ಇವನಿಗೆ. ಬೆಳಿಗ್ಗೆ ಎರಡು ಗೋಲು ಹೊಡೆದು
ಮೊಣಕಾಲಿನ ಮಣ್ಣು ಒರೆಸದೆ ಬಂದಿದ್ದಾನೆ
ಕಿಸುಮುವಿನ ಈ ಪ್ರಯೋಗಾಲಯಕ್ಕೆ,
ಬಿಸ್ಕತ್ತಿನ ಆಸೆಗೆ.

ಕೆಂಪು ಕಣಗಳ ನಡುವೆ ಒಂದು ಕುಡುಗೋಲು.
ಅಗೋ, ಇನ್ನೊಂದು.

ಎಲುಬಿಲ್ಲದ ಜೀವ ಇದು. ಇರುವುದು
ಟ್ಯೂಬುಲಿನ್ ಎಂಬ ಸಣ್ಣ ಸಣ್ಣ ಕಾಳು;
ಕಾಳಿಗೆ ಕಾಳು ಪೋಣಿಸಿ ಕೊಳವೆ,
ಕೊಳವೆ ಸಾಲಿಟ್ಟು ಚೌಕಟ್ಟು.
ಹತ್ತು ದಿನ ಇವನ ಮೂಳೆಯ ಮಜ್ಜೆಯಲ್ಲಿ
ಸೆಟೆದುಕೊಂಡು ಕೂತಿತ್ತು, ರಕ್ತ ಎಳೆದರೂ ಕದಲದೆ.
ಬಲಿತ ಮೇಲೆ ಚೌಕಟ್ಟನ್ನು ತಾನೇ ಬಿಚ್ಚಿ
ಮೆತ್ತಗಾಗಿ, ಸಂದಿಗೊಂದಿ ನುಸುಳಿ
ಚರ್ಮದ ಕೆಳಗೆ ಬಂದು ನಿಂತಿದೆ,
ಸೊಳ್ಳೆ ಬರುವ ಹೊತ್ತಿಗೆ.

ನನ್ನಪ್ಪ ಒಬಿಯೆರೊ ದುಂಗಾ ದಂಡೆಯಲ್ಲಿ
ದೋಣಿ ಕಟ್ಟುತ್ತಿದ್ದ. ಪಕ್ಕೆಲುಬು ಮೊದಲು, ಹಲಗೆ ಆಮೇಲೆ.
ಹಳೆಯದು ಒಡೆದರೆ ಒಂದು ಮೊಳೆಯನ್ನೂ ಎಸೆದವನಲ್ಲ,
ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ ಹಾಲಿನಪುಡಿ ಡಬ್ಬಿಗೆ.
ಅವನನ್ನು ಮಲಗಿಸಿದ್ದು
ಅದೇ ಕಸುಬಿನ ಜೀವ.

ಏಳನೇ ನಿಮಿಷ. ಹನಿ ತಣ್ಣಗಾಗುತ್ತಿದೆ.
ಮೈಯ ಬಿಸಿ ಇಳಿದದ್ದೇ ಇದಕ್ಕೆ ಸುದ್ದಿ:
ಸೊಳ್ಳೆಯ ಹೊಟ್ಟೆ ಸೇರಿದೆನೆಂದು ನಂಬುತ್ತದೆ.
ಸುಳ್ಳು ಹೇಳುತ್ತಿರುವವಳು ನಾನು.
ಕುಡುಗೋಲು ಗುಂಡಗಾಯಿತು.

ಸುಳ್ಳಲ್ಲದಿದ್ದರೆ ಮುಂದಿನದು ನನಗೆ ಬಾಯಿಪಾಠ.
ಸೊಳ್ಳೆಯ ಕರುಳಗೋಡೆ ದಾಟಲು
ಆಕ್ಟಿನ್ ಹಗ್ಗ, ಮೈಯೊಸಿನ್ ಎಳೆಯುವ ಕೈ,
ಕಾಲಿಲ್ಲದ ನಡಿಗೆ.
ಜೊಲ್ಲಿನೊಡನೆ ಇನ್ನೊಂದು ಮಗುವಿನ ಚರ್ಮಕ್ಕೆ ಇಳಿದಾಗ
ಬಾಗಿದ ಬಿಲ್ಲು;
ಯಕೃತ್ತಿನಲ್ಲಿ ಬಿಲ್ಲನ್ನೂ ಕಳಚಿಟ್ಟು ಬರೀ ಉಂಡೆ;
ಉಂಡೆ ಒಡೆದರೆ ಸಾವಿರ ಸಾವಿರ,
ಒಂದೊಂದೂ ಒಂದು ರಕ್ತಕಣಕ್ಕೆ ಮೂತಿ ತಿರುಗಿಸಿ
ಅರೆನಿಮಿಷದಲ್ಲಿ ಒಳಗೆ.
ಡಬ್ಬಿಯ ಅವೇ ಮೊಳೆ.
ದೋಣಿ ಮಾತ್ರ ಬೇರೆ ಬೇರೆ.

ಹನ್ನೆರಡು.
ಗುಂಡಿನಿಂದ ಚಾಟಿಗಳು ಚಿಮ್ಮಿದವು.
ಆರು, ಅಲ್ಲ, ಎಂಟು ಬಾಲ
ಪಕ್ಕದ ಕಣಗಳನ್ನು ಬಡಿದು ಬಡಿದು ನಡುಗಿಸುತ್ತ
ಹೆಣ್ಣನ್ನು ಹುಡುಕುತ್ತಿವೆ, ಇಷ್ಟಗಲ ಗಾಜಿನ ಮೇಲೆ.
ಎಷ್ಟು ಸಲ ನೋಡಿದರೂ ಉಸಿರು ಹಿಡಿಯುತ್ತೇನೆ.
ಚಂದ ಎನ್ನಲು ನಾಲಿಗೆ ಬರುವುದಿಲ್ಲ,
ಅಪ್ಪನ ನೆನಪಾಗಿ.

ಒಡೊಯೊ ಸ್ಟೂಲು ಹತ್ತಿ, ಒಂದು ಕಣ್ಣು ಮುಚ್ಚಿ, ನೋಡಿದ.
"ಇದು ನಾನಾ?"
ಅಲ್ಲ ಮಾರಾಯ, ನಿನ್ನೊಳಗೆ ಮನೆ ಮಾಡಿಕೊಂಡವ.
ಈ ಕುಡುಗೋಲಿಗೆ ಬೇರೆಯೇ ಮಾತ್ರೆ. ಎಣಿಸಿ ಕೊಟ್ಟೆ.
ಬಿಸ್ಕತ್ತು ಎರಡು.

ಬಾಗಿಲವರೆಗೆ ಹೋದವ ತಿರುಗಿ ನಿಂತು,
ಬಾಯ್ತುಂಬ ಬಿಸ್ಕತ್ತು ಇಟ್ಟುಕೊಂಡೇ ಕೇಳಿದ:
"ಮತ್ತೆ, ಬಾಡಿಗೆ?"