ನೆಲ ಕರಗಿದ ಮೇಲೆ

ವಿನಿಪೆಗ್‌ನಲ್ಲಿ ಏಪ್ರಿಲ್ ಕಳೆಯುವವರೆಗೂ ನೆಲ ಕಲ್ಲು.
ಅಲ್ಲಿಯತನಕ ಹರಿದ ಪ್ರಾರ್ಥನೆ ಪುಸ್ತಕಗಳು
ಶಾಲೆಯ ಮೆಟ್ಟಿಲ ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ,
ಒದ್ದೆ ಬೂಟುಗಳ ಪಕ್ಕ.
ದೇವರ ಹೆಸರಿರುವ ಹಾಳೆ ಎಸೆಯುವಂತಿಲ್ಲ,
ಮನುಷ್ಯರ ಹಾಗೇ ಹೂಳಬೇಕು ಅಂದಿದ್ದರು ಶಿಫ್ರಾ ಟೀಚರ್.

ಇವತ್ತು ಗುಂಡಿ ತೋಡಿದವನು ಬೊಹ್ದಾನ್,
ಬಾಯ್ಲರ್ ನೋಡಿಕೊಳ್ಳುವವನು, ಬೇರೆ ದೇವರವನು.
ತೋಡಿ ಮುಗಿಸಿ ಟೊಪ್ಪಿಗೆ ತೆಗೆದು ನಿಂತ.
ತೆಗೆಯುವುದು ಅವನ ಮರ್ಯಾದೆ,
ತೆಗೆಯದಿರುವುದು ನಮ್ಮದು.
ಗಾಳಿ ಎಲ್ಲರ ಕಿವಿಯನ್ನೂ ಕಚ್ಚಿತು.

ಕೊನೆಗೆ ಗಿಟೆಲ್ ತನ್ನ ಕಾಪಿ ಪುಸ್ತಕ ಚಾಚಿದಳು:
"ಇದರಲ್ಲೂ ಹೆಸರಿದೆ.
ಆದರೆ ಕಾಗುಣಿತ ತಪ್ಪು."

ಟೀಚರ್ ತಮ್ಮದೇ ಕೆಂಪು ಗೀಟನ್ನು
ತುಂಬಾ ಹೊತ್ತು ನೋಡಿದರು.
ಆಮೇಲೆ ಮಂಡಿಯೂರಿ ಜಾಗ ಮಾಡಿದರು.

ಕೈ ತೊಳೆಯುವ ಸಾಲಿನಲ್ಲಿ ನಮ್ಮ ಹಿಂದೆ ಬೊಹ್ದಾನ್.
ತಣ್ಣೀರು. ಅವನ ಉಗುರಲ್ಲೂ ಅದೇ ಕರಿಮಣ್ಣು.