ಪುಸ್ತಕ ಆಯ್ಕೆ, ಕೋಡಿಬಾಗ

ಈಜು ಬಾರದವಳನ್ನೇ ಕೂರಿಸಿದ್ದಾರೆ ನೋಡಿ
ಕಯಾಕ್ ಕ್ಲಬ್ಬಿನ ಕಪಾಟಿಗೆ ಪುಸ್ತಕ ಆರಿಸಲು.
ಮೂವತ್ತೊಂದು ವರ್ಷ ಶಾಲೆಯ ಲೈಬ್ರರಿ ಕಾದವಳು ನಾನು,
ಕಾಳಿ ಹೊಳೆಯನ್ನು ಬಸ್ಸಿನ ಕಿಟಕಿಯಿಂದ
ನೋಡಿದ್ದೇ ಹೆಚ್ಚು.

ಹನ್ನೊಂದು ಸಾವಿರ ರೂಪಾಯಿ. ತುಕ್ಕು ಹಿಡಿದ ಒಂದು ಕಪಾಟು.
ಖಜಾಂಚಿ ವಿಠೋಬ ಗುನಗಿ ಹೇಳಿದ್ದಿಷ್ಟೇ:
"ಅಕ್ಕೋರೇ, ರಸೀದಿ ಮಾತ್ರ ಒದ್ದೆ ಮಾಡಬೇಡಿ."

ಒಂಬತ್ತು ತರಿಸಿದೆ, ಬೇಡವಾದರೆ ತಿರುಗಿ ಕಳಿಸುವ ಕರಾರಿಗೆ.
ಕನ್ನಡದ್ದು ಒಂದೂ ಸಿಗಲಿಲ್ಲ.
ಒಂದರಲ್ಲಿ ಹಿಮದ ಗುಡ್ಡೆಗಳ ನಡುವೆ ಕಿತ್ತಳೆ ದೋಣಿ,
ಚಳಿಗೆ ಸಾಯದಿರಲು ಹನ್ನೆರಡು ಉಪಾಯ.
ನಮ್ಮಲ್ಲೋ ಏಪ್ರಿಲ್ ಮಧ್ಯಾಹ್ನ ದೋಣಿಯ ಬೆನ್ನು ದೋಸೆಕಾವಲಿ.
ಇನ್ನೊಂದರಲ್ಲಿ ಉಬ್ಬರ ಇಳಿತದ ಕೋಷ್ಟಕ, ಯಾವುದೋ ಕಡಲಿನದು,
ಪರವೂರ ಪಂಚಾಂಗ ಹಿಡಿದು ಮುಹೂರ್ತ ಇಟ್ಟ ಹಾಗೆ.
ಮತ್ತೊಂದರ ಕಾಗದ ಎಷ್ಟು ಚಂದವೆಂದರೆ
ಮುಟ್ಟುವ ಮೊದಲು ಕೈ ಒರೆಸಿಕೊಂಡೆ.
ಹಾಗಾಗಿ ಅದೂ ಬೇಡ.

ವಿಡಿಯೋಗಳನ್ನು ಶಾಲನ್ ತಾಂಡೇಲಳ ಫೋನಿನಲ್ಲಿ ನೋಡಿದೆವು,
ಬಿಸಿಲಿಗೆ ಟವೆಲಿನ ಮುಸುಕು ಹಾಕಿ, ತಲೆಗೆ ತಲೆ ತಾಗಿಸಿ.
ಒಬ್ಬ ಗಂಡಸು ಮಗುಚುತ್ತಾನೆ, ಏಳುತ್ತಾನೆ, ನಗುತ್ತಾನೆ,
ಹಿಂದೆ ಡ್ರಮ್ಮು.
"ಇವನ ಮೂಗಿಗೆ ನೀರೇ ಹೋಗೂದಿಲ್ವಾ?" ಅಂದಳು ಶಾಲನ್.
ಕೊನೆಗೆ ಸಿಕ್ಕಿತು ಒಂದು, ಕ್ಯಾಮೆರಾ ಕೂಡ ನೆಟ್ಟಗೆ ನಿಂತಿಲ್ಲ.
ಒಬ್ಬ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸು,
ಮೂರು ಸಲ ಮಗುಚಿ, ಏಳಲಾರದೆ, ಸಿಂಬಳ ಒರೆಸಿ,
ನಾಲ್ಕನೆಯ ಸಲ ಸೊಂಟ ತಿರುಗಿಸುತ್ತಾಳೆ.
ಭಾಷೆ ಯಾವುದೋ. ಕೆಮ್ಮು ನಮ್ಮದೇ.
ಪೆನ್‌ಡ್ರೈವಿಗೆ ಹಾಕಿಸಿದೆ.

ಬಳಚಿನ ಬುಟ್ಟಿ ಹೊತ್ತು ಹಾದುಹೋದ ಮಾಣಕೂಬಾಯಿ ನಿಂತು,
"ಬೂಕ್ ವಾಚೂನ್ ಕೋಣ ಪೆಂವ್ತಾ?" ಅಂದಳು.
ಓದಿ ಈಜಿದವರಿಲ್ಲ, ಒಪ್ಪಿದೆ.
ಸೊಂಟದ ನೀರಿನಲ್ಲಿ ಅವಳ ಕಾಲೇ ಓದುತ್ತದೆ:
ಇಲ್ಲಿ ಕೆಸರು, ಇಲ್ಲಿ ಚಿಪ್ಪು,
ಇಲ್ಲಿಂದಾಚೆ ಹೊಳೆ ಕೈಬಿಡುತ್ತದೆ.
ನನ್ನ ಕಾಲು ಅನಕ್ಷರಸ್ಥ.

ಉಳಿದದ್ದು ಎರಡು.
ದೋಣಿ ಮಗುಚಿದಾಗ ಹೊರಬರುವ ಬಗೆಯನ್ನು
ದಪ್ಪನೆಯದು ಏಳು ಪುಟ ಹೇಳುತ್ತದೆ, ಬಾಣದ ಗುರುತು, ಅಡಿಟಿಪ್ಪಣಿ ಸಹಿತ.
ತೆಳ್ಳನೆಯದರಲ್ಲಿ ಮೂರೇ ಮಾತು:
ಬಾಗು, ಎಳೆ, ತಳ್ಳು.
ಕಲಿತ ವಿದ್ಯೆಯೆಲ್ಲ ದಪ್ಪನೆಯದರ ಪಕ್ಷ ವಹಿಸಿತು.
ರಾತ್ರಿ ಎರಡನ್ನೂ ಬಾಯಿಪಾಠ ಮಾಡಿದೆ,
ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ.

ಭಾನುವಾರ ಬೆಳಿಗ್ಗೆ, ಇಳಿತ ಮುಗಿದು ನೀರು ಸುಮ್ಮನಿದ್ದ ಹೊತ್ತು,
ಚೂಡಿದಾರದ ಮೇಲೆ ಲೈಫ್ ಜಾಕೆಟ್ಟು,
ಒಂದು ಬದಿಗೆ ಶಾಲನ್, ಒಂದು ಬದಿಗೆ ಅವಳ ತಮ್ಮ ದತ್ತು.
"ಹೂಂ" ಅಂದೆ.
ಮಗುಚಿದರು.

ಹಸಿರು.
ಕಿವಿಯೊಳಗೆ ಯಾರೋ ಪಾತ್ರೆ ತಿಕ್ಕುತ್ತಿದ್ದಾರೆ.
ಏಳೂ ಪುಟ ಕರಗಿ ಶಾಯಿಯಾದವು,
ಬಾಣಗಳು ಮೀನಿನ ಮರಿಗಳಂತೆ ಚದುರಿದವು,
ಮೇಲೆ ಯಾವುದು ಕೆಳಗೆ ಯಾವುದು,
ಇಂಗ್ಲಿಷಿನಲ್ಲಿ ಓದಿದ್ದು ಕನ್ನಡದಲ್ಲಿ ಬಂತು,
ಅದೂ ಅಮ್ಮನ ದನಿಯಲ್ಲಿ, ಬಾವಿಕಟ್ಟೆಯಿಂದ ಕೂಗಿದಂತೆ:
ಎಳೆಯೇ!

ಎಳೆದೆ.

ಗಂಟಲಲ್ಲಿ ಉಪ್ಪು. ಸದಾಶಿವಗಡ ಸ್ವಲ್ಪ ಓರೆ.
ದತ್ತು ನಗುತ್ತಿದ್ದ. ಶಾಲನ್ ನಗದೆ ನನ್ನ ಬೆನ್ನು ಗುದ್ದುತ್ತಿದ್ದಳು.
ದಡಕ್ಕೆ ಬಂದವಳೇ ತೆಳ್ಳನೆಯದನ್ನು ತೆರೆದೆ,
ಕೈ ಒರೆಸುವುದು ನೆನಪಾಗಲಿಲ್ಲ.
ಇನ್ನು ತಿರುಗಿ ಕಳಿಸುವ ಹಾಗಿಲ್ಲ.

"ಒಂದೇ ಪುಸ್ತಕವಾ?" ಅಂದರು ಗುನಗಿ.
ಒಂದೇ, ಆರು ಪ್ರತಿ. ಉಳಿದ ದುಡ್ಡಿಗೆ ಟವೆಲು.
ಪುಸ್ತಕದಲ್ಲಿ ಗೀಚಿದವರಿಗೆ ದಂಡ ಹಾಕುತ್ತಿದ್ದವಳು
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡದ ಮೂರು ಮಾತು ಬರೆದೆ,
ಆರರಲ್ಲೂ.

ರಿಜಿಸ್ಟರಿನ ಮೊದಲ ಗೆರೆ:
ಕ್ರಮಸಂಖ್ಯೆ ಒಂದು. ಸ್ಥಿತಿ: ಒದ್ದೆ.
ರಸೀದಿ ಮಾತ್ರ ಒಣಗಿದೆ, ಗುನಗಿಯವರೇ,
ಬೇಕಾದರೆ ಮುಟ್ಟಿ ನೋಡಿ.